ನಾನೂರ ಹನ್ನೆರಡನೇ ಚಿತ್ರ

ನೆನೆದ ಅವರೆಕಾಳನ್ನು ಹಿತುಕುತ್ತಾ ಕೂತಿದ್ದೆ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಆಗ ನಮ್ಮ ಯಜಮಾನರು ತೋಟದಿಂದ ಬಂದು, ಚಪ್ಪಲಿ ಬಿಡುವ ಮೊದಲೇ, "ಸೋಮವಾರ ಪೂಜೆ ಮುಗಿದ ಮೇಲೆ ಸಭೆಯಂತೆ ಕಣೇ. ಅವತ್ತೇ ತೀರ್ಮಾನ. ಗುಡಿ ಕೆಡವೋಕೆ ಜೆಸಿಬಿಯವನಿಗೂ ಹೇಳಿಟ್ಟವ್ರೆ" ಅಂದರು. ಅವರ ಮಾತು ಮುಗಿಯುವುದಕ್ಕೂ ಒಳಕೋಣೆಯಲ್ಲಿ ಗುಂಯ್ ಅನ್ನುತ್ತಿದ್ದ ಕಂಪ್ಯೂಟರಿನ ಸದ್ದು ನಿಲ್ಲುವುದಕ್ಕೂ ಸರಿಹೋಯಿತು. "ಅಮ್ಮಾ, ಮತ್ತೆ ಆಫ್ ಆಯ್ತು!" ಎಂದು ಮಗಳು ಪವಿತ್ರ ಕೂಗಿದಳು. ಬೆರಳ ನಡುವಿದ್ದ ಕಾಳು ಚಿಮ್ಮಿ ಎಲ್ಲೋ ಹೋಯಿತು. ಅವತ್ತಿಗೆ ಅದು ನಾಲ್ಕನೇ ಸಲ.

ಮುಂದಿನದನ್ನು ಹೇಳುವ ಮೊದಲು ನನ್ನ ವಿಷಯ ಒಂದು ಮಾತು. ಇಷ್ಟಲಿಂಗ ಪೂಜೆಯಾಗದೆ ನಾನು ನೀರು ಕುಡಿಯುವುದಿಲ್ಲ. ಆದರೆ ಯಾರದೋ ಮನೆಯ ಪಟದಿಂದ ವಿಭೂತಿ ಉದುರಿತು, ಎಲ್ಲೋ ಕಲ್ಲಿನ ಮೂರ್ತಿ ಕಣ್ಣು ಬಿಟ್ಟಿತು ಎಂದು ಹೇಳಿದರೆ ಒಲೆ ಮೇಲಿನ ಪಾತ್ರೆ ಇಳಿಸಿಟ್ಟು ನೋಡಲು ಓಡಿದವಳೂ ಅಲ್ಲ. ದೇವರಿಗೆ ಬೇರೆ ಕೆಲಸವಿದೆ, ನನಗೂ ಇದೆ ಎಂದುಕೊಂಡವಳು. ಇಂಥ ಕಥೆ ಹೇಳುವವರನ್ನು ಕಂಡು ಒಳಗೊಳಗೇ ನಕ್ಕಿದ್ದೇನೆ. ಈಗ ನಾನೇ ಹೇಳಲು ಕೂತಿದ್ದೇನೆ, ನೀವು ನಗಬಹುದು.

ನಮ್ಮದು ಗಂಡಸಿ ಹೋಬಳಿಯ ಒಂದು ಹಳ್ಳಿ. ಊರ ಈಶ್ವರನ ಗುಡಿ ಹಳೇಬೀಡಿನ ದೇವಸ್ಥಾನ ಕಟ್ಟಿದ ಕಾಲದ್ದೇ ಎಂದು ಹೇಳುತ್ತಾರೆ. ಆದರೆ ಹಳೇಬೀಡಿಗೆ ಬರುವ ಬಸ್ಸುಗಳು ಈ ಕಡೆ ತಿರುಗಿಯೂ ನೋಡುವುದಿಲ್ಲ. ಹೊರಗೆ ಸಾದಾ ಕಲ್ಲು. ಒಳಗೆ ಕೈಯಿಟ್ಟರೆ ಜಾರುವಂಥ ನುಣುಪಾದ ನಾಲ್ಕು ಕಂಬ, ಅವುಗಳ ನಡುವೆ ನಂದಿ, ಎದುರಿಗೆ ಈಶ್ವರ. ನಂದಿಯನ್ನು ನಾವೆಲ್ಲ ಬಸವಣ್ಣ ಎಂದೇ ಕರೆಯುವುದು. ಮಳೆಗಾಲ ಬಂದರೆ ಗುಡಿ ಸೋರುತ್ತದೆ, ಅರ್ಚಕರು ಬಕೆಟ್ ಇಟ್ಟುಕೊಂಡು ಪೂಜೆ ಮಾಡುತ್ತಾರೆ. ಇದನ್ನು ನೋಡಿ ನೋಡಿ ಬೇಸತ್ತು, ಕಲ್ಲನ್ನೆಲ್ಲ ಕಿತ್ತುಹಾಕಿ ಆರ್‌ಸಿಸಿ ಗುಡಿ ಕಟ್ಟಿ ಒಳಗೆಲ್ಲ ಟೈಲ್ಸ್ ಹಾಕಿಸೋಣ ಎಂದು ಊರವರು ಹೊರಟಿದ್ದರು. ಮುಂದಾಳತ್ವ ಯಜಮಾನರ ದೊಡ್ಡಪ್ಪ ರುದ್ರಪ್ಪನವರದು. ಎಂಬತ್ತು ದಾಟಿದರೂ ದಿನಾ ಗುಡಿಗೆ ಮೊದಲು ಹೋಗುವವರು ಅವರೇ. ಅವರು ಒಂದು ಮಾತು ಹೇಳಿದರೆ ಊರು ಎರಡಾಡುವುದಿಲ್ಲ.

ಪವಿತ್ರ ಕಟ್ಟಡದ ನಕ್ಷೆ ಬರೆಯುವುದನ್ನು ಓದಿದವಳು. ದಿನಾ ಅರಸೀಕೆರೆಗೆ ಬಸ್ಸಿನಲ್ಲಿ ಹೋಗಿ ಒಬ್ಬ ಎಂಜಿನಿಯರ್ ಬಳಿ ಮನೆ ಪ್ಲಾನು ಹಾಕುತ್ತಾಳೆ. ಗುಡಿಯ ಸುದ್ದಿ ಕೇಳಿದ್ದೇ ಟೇಪು ಹಿಡಿದು ಮೂರು ತಿಂಗಳು ಭಾನುವಾರವೆಲ್ಲ ಒಂದೊಂದು ಕಲ್ಲನ್ನೂ ಅಳೆದಳು. ಮೇಲಿನ ಹಳೇ ಗಾರೆಯನ್ನಷ್ಟೇ ತೆಗೆದು ಹೊಸದು ಹಾಕಿದರೆ ಸೋರುವುದು ನಿಲ್ಲುತ್ತದೆ, ಕಲ್ಲು ಮುಟ್ಟುವುದೇ ಬೇಡ ಎನ್ನುವುದು ಅವಳ ವಾದ. ನಕ್ಷೆ ಬಿಡಿಸಿಕೊಂಡು ಹೋಗಿ ತೋರಿಸಿದಳು. "ಗೆರೆ ಚೆನ್ನಾಗವೆ ಕಣವ್ವ" ಎಂದು ಮಡಚಿ ಕೊಟ್ಟರು ರುದ್ರಪ್ಪನವರು. ಅದಕ್ಕೇ ಅವಳು ಸಿನಿಮಾ ಮಾಡಿ ತೋರಿಸಲು ಹಟ ತೊಟ್ಟಳು. ಗುಡಿಯನ್ನು ಕಂಪ್ಯೂಟರಿನೊಳಗೆ ಕಟ್ಟಿ, ರಿಪೇರಿಯಾದ ಮೇಲೆ ಬಾಗಿಲಿನಿಂದ ಒಳಗೆ ಹೋದರೆ ಹೇಗೆ ಕಾಣುತ್ತದೋ ಹಾಗೆ. ಒಂದು ನಿಮಿಷದ ಸಿನಿಮಾಕ್ಕೆ ಸಾವಿರಕ್ಕೂ ಮೇಲೆ ಚಿತ್ರ ಬೇಕಂತೆ. ಕಂಪ್ಯೂಟರು ಒಂದೊಂದನ್ನೇ ಕೂತು ಬಿಡಿಸುತ್ತದೆ. ಅದಕ್ಕಾಗಿ ದೊಡ್ಡ ಗ್ರಾಫಿಕ್ಸ್ ಕಾರ್ಡು ಹಾಕಿಸಿಕೊಂಡಿದ್ದಳು. ಅದು ಬಂದ ಮೇಲೆಯೇ ಈ ಕಾಟ ಶುರುವಾದದ್ದು.

ಮೊದಲು ಕರೆಂಟನ್ನು ಬೈದೆವು. ನಮ್ಮ ಕಡೆ ತೋಟದ ಪಂಪು ಶುರುವಾದರೆ ಮನೆಯ ಬಲ್ಬು ಕಣ್ಣು ಮುಚ್ಚಿ ತೆಗೆಯುತ್ತದೆ. ಪಂಪು ಹಾಕಬೇಡಿ ಎಂದು ಯಜಮಾನರನ್ನು ತಡೆದೆ. ಅವರು ಬಾಡುತ್ತಿದ್ದ ತೆಂಗಿನ ಸಸಿ ನೋಡುತ್ತಾ ಸುಮ್ಮನೆ ಕೂತರು. ಆದರೂ ಆಫ್. ಕರೆಂಟು ಹೋದರೆ ಕೂಗುವ ಯುಪಿಎಸ್ ಇದೆಯಲ್ಲ, ಅದು ಕುಂಯ್ ಕೂಡ ಅನ್ನುವುದಿಲ್ಲ. ಆಮೇಲೆ ಧೂಳಿರಬಹುದೆಂದು ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದೆವು. ಬಿಸಿಯಾಗಿರಬಹುದೆಂದು ಪಕ್ಕದ ತಗಡು ಬಿಚ್ಚಿ, ನಮ್ಮ ಮನೆಯ ಒಂದೇ ಒಂದು ಟೇಬಲ್ ಫ್ಯಾನನ್ನು ಅದರ ಮುಂದಿಟ್ಟು ನಾವು ಬೆವತೆವು. ಹತ್ತು ನಿಮಿಷ ಓಡಿ ಟಕ್ ಎಂದು ನಿಲ್ಲುವುದು. ಒಮ್ಮೆ ಇಪ್ಪತ್ತನೇ ಚಿತ್ರಕ್ಕೆ, ಒಮ್ಮೆ ಐವತ್ತಕ್ಕೆ. ಕಪ್ಪು ಪರದೆಯ ಮೇಲೆ ನನ್ನ ಮುಖವೇ ಕಾಣುತ್ತಿತ್ತು. ಒದೆಯುವ ಎಮ್ಮೆಯನ್ನೂ ನಾನು ಅಷ್ಟು ಬೈದಿಲ್ಲ. ಬಿಡಿಸಿದ ಚಿತ್ರಗಳು ಅಳಿಸಿಹೋಗುತ್ತಿರಲಿಲ್ಲ, ಅದೊಂದು ಪುಣ್ಯ.

ಗುರುವಾರ ಪವಿತ್ರಳಿಗೆ ಆಫೀಸಿನಲ್ಲಿ ಬಿಡುವಿರಲಿಲ್ಲ. ನಾನೇ ಆ ಡಬ್ಬವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅರಸೀಕೆರೆಗೆ ಬಸ್ಸು ಹತ್ತಿದೆ. ಕೂರಲು ಜಾಗ ಸಿಕ್ಕಿದ್ದು ಎರಡನೇ ಪುಣ್ಯ. "ಏನಮ್ಮ, ಕೂಸು ಮಲಗಿಸ್ಕೊಂಡಂಗೆ ಹಿಡ್ಕಂಡಿದೀರ" ಎಂದ ಕಂಡಕ್ಟರ್. "ಕೂಸಾಗಿದ್ರೆ ಹಾಲು ಕುಡಿಸಿ ಸುಮ್ನಿರಿಸ್ತಿದ್ದೆ ಕಣಪ್ಪ" ಎಂದೆ. ಬಸ್ಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ಕಂಪ್ಯೂಟರ್ ಜೋಡಿಸಿಕೊಟ್ಟಿದ್ದ ಕುಮಾರನ ಅಂಗಡಿ ಅಲ್ಲೇ. ಅವನು ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕ, ಆಫ್ ಆಗೋ ಮುಂಚೆ ಏನಾದ್ರೂ ಬರ್ದು ತೋರಿಸ್ತದೋ, ಇಲ್ಲ ಟಕ್ ಅಂತ ನಿಲ್ತದೋ?"

"ಟಕ್ ಅಂತ."

"ಹಂಗಾದ್ರೆ ಎಸ್‌ಎಂಪಿಎಸ್ಸೇ. ಗ್ಯಾರಂಟಿ."

ಗೋಡೆಯ ಕರೆಂಟನ್ನು ತೆಗೆದುಕೊಂಡು ಒಳಗಿನ ಭಾಗಗಳಿಗೆಲ್ಲ ಹಂಚುವ ಕಬ್ಬಿಣದ ಪೆಟ್ಟಿಗೆಗೆ ಹಾಗೆ ಹೇಳುತ್ತಾರೆ. ಅವನು ಹಳೆಯದನ್ನು ಬಿಚ್ಚಿ ನನ್ನ ಎಡಗೈಗೆ ಕೊಟ್ಟ, ಹೊಸದೊಂದನ್ನು ಬಲಗೈಗೆ. "ತೂಕ ನೋಡಿ. ಎರಡರ ಮೇಲೂ ಐನೂರು ವ್ಯಾಟು ಅಂತ್ಲೇ ಬರ್ದೈತೆ." ಬಲಗೈ ಕೆಳಗೆ ಜಗ್ಗಿತು, ಎಡಗೈ ಮೇಲೆಯೇ ಉಳಿಯಿತು. ತೆಂಗಿನಕಾಯಿ ಆರಿಸುವವಳಿಗೆ ಇದನ್ನು ಬಿಡಿಸಿ ಹೇಳಬೇಕೆ? ಸಿಪ್ಪೆ ದಪ್ಪಗಿದ್ದು ಒಳಗೆ ತಿರುಳಿಲ್ಲದ ಕಾಯಿ ಅದು.

"ಮತ್ತೆ ಇದನ್ನ ಹಾಕಿದ್ದು ಯಾರಪ್ಪ?" ಎಂದೆ.

ಕುಮಾರ ಸ್ಕ್ರೂ ಹುಡುಕುವವನ ಹಾಗೆ ತಲೆ ತಗ್ಗಿಸಿದ. "ಆಗ ಈ ದೊಡ್ಡ ಕಾರ್ಡು ಇರ್ಲಿಲ್ವಲ್ಲಕ್ಕ. ಕಾರ್ಡಿಗೆ ಜಾಸ್ತಿ ಕರೆಂಟು ಬೇಕಾದಾಗ ಇದರ ಕೈಲಿ ಕೊಡಕ್ಕಾಗಲ್ಲ, ಕೈ ಬಿಟ್ಬಿಡ್ತದೆ" ಎಂದ. ಹೊಸದನ್ನು ಹಾಕಿ, ಹಳೆಯದನ್ನೂ ಕವರಿನಲ್ಲಿ ಹಾಕಿ ಕೊಟ್ಟ.

ಶುಕ್ರವಾರ ರಜೆ ಹಾಕಿ, ಬೆಳಿಗ್ಗೆ ಅದಕ್ಕೆ ವಿಭೂತಿ ಇಟ್ಟು ಪವಿತ್ರ ಶುರು ಮಾಡಿದಳು. ನೂರಾಯಿತು, ಇನ್ನೂರಾಯಿತು. ಪಂಪು ಹಾಕಿದರೂ ಜಗ್ಗಲಿಲ್ಲ. ನಾನು ಸಂತೋಷಕ್ಕೆ ಸಜ್ಜಿಗೆ ಮಾಡಿದೆ. ಬಾಣಲೆ ಇಳಿಸುತ್ತಿದ್ದ ಹಾಗೇ ಒಳಕೋಣೆ ನಿಶ್ಶಬ್ದವಾಯಿತು. ನಾನೂರ ಹನ್ನೊಂದು ಚಿತ್ರ ಆಗಿತ್ತು, ಹನ್ನೆರಡನೆಯದಕ್ಕೆ ನಿಂತಿತ್ತು.

ಮತ್ತೆ ಹಾಕಿದಳು. ನಾನೂರ ಹನ್ನೆರಡಕ್ಕೇ ಆಫ್. ಅದನ್ನು ಬಿಟ್ಟು ಮುಂದಿನದರಿಂದ ಹಾಕಿದಳು. ಅದಕ್ಕೂ ಆಫ್. ಹಿಂದಿನ ಯಾವುದನ್ನು ಬೇಕಾದರೂ ಮತ್ತೆ ಬಿಡಿಸುತ್ತದೆ, ಅಲ್ಲಿಗೆ ಬಂದರೆ ಮಾತ್ರ ಗಂಟು ಹಾಕಿದ ದಾರದ ಹಾಗೆ ಸಿಕ್ಕಿಕೊಳ್ಳುತ್ತದೆ. ಶನಿವಾರವೂ ಇದೇ. ಪವಿತ್ರ ಊಟ ಬಿಟ್ಟಳು. ಯಜಮಾನರು, "ಹೋಗ್ಲಿ ಬಿಡವ್ವ, ಆರ್‌ಸಿಸಿ ಗುಡೀಲೂ ಈಶ್ವರನೇ ತಾನೆ ಇರೋದು" ಎಂದು ಸಮಾಧಾನ ಹೇಳಲು ಹೋಗಿ ಇಬ್ಬರಿಂದಲೂ ಬೈಸಿಕೊಂಡರು.

ಭಾನುವಾರ ಬೆಳಿಗ್ಗೆ ಕುಮಾರ ಯಾವುದೋ ನೆಂಟರ ಮನೆಗೆ ಹೊರಟವನು ನನ್ನ ಕಾಟಕ್ಕೆ ಬೈಕು ತಿರುಗಿಸಿಕೊಂಡು ಬಂದ. ನೋಡಿದ. ತಲೆ ಕೆರೆದುಕೊಂಡ. "ಈ ಪೀಸೇ ಖರಾಬ್ ಇರ್ಬೇಕು. ಅಂಗಡೀಲಿ ಹಾಕಿ ಟೆಸ್ಟ್ ಮಾಡ್ತೀನಿ, ಮಂಗಳವಾರ ತತ್ತೀನಿ" ಎಂದ.

"ನಾಳೇನೇ ಸಭೆ ಕಣೋ ಕುಮಾರ."

"ನಾನೇನ್ ಮಾಡ್ಲಕ್ಕ, ಇವತ್ತು ಹಾಸನದಲ್ಲೂ ಅಂಗಡಿ ತೆಗ್ದಿರಲ್ಲ." ಹೊಸ ಪೆಟ್ಟಿಗೆ ಬಿಚ್ಚಿಕೊಂಡು, ಕವರಿನಲ್ಲಿದ್ದ ಹಳೆಯದನ್ನೇ ಮತ್ತೆ ಒಳಗೆ ಸಿಕ್ಕಿಸಿದ. "ಇದರಲ್ಲಿ ಕಾಗದ ಪತ್ರ ನೋಡ್ಕೊಳ್ಳಿ ಅಷ್ಟೆ. ಸಿನಿಮಾ ಗಿನಿಮಾ ಹಚ್ಬೇಡಿ. ಹತ್ತು ನಿಮಿಷಾನೂ ತಡ್ಯಲ್ಲ" ಎಂದು ಹೇಳಿ ಹೋದ.

ಪವಿತ್ರ ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದಳು. ಅಷ್ಟು ದಿನ ಆ ಯಂತ್ರದ ಸದ್ದು ಕೇಳಿದ್ದೆನೇ ಹೊರತು ಅದು ಏನು ಬಿಡಿಸುತ್ತಿದೆ ಎಂದು ನಾನು ನೋಡಿಯೇ ಇರಲಿಲ್ಲ. ಮಾತಾಡಿಸಬೇಕಲ್ಲ ಎಂದು, "ಎಲ್ಲಿಗೆ ಬಂದು ನಿಲ್ಲುತ್ತೆ ತೋರಿಸು" ಎಂದೆ. ನಾನೂರ ಹನ್ನೆರಡರಲ್ಲಿ ಏನು ಕಾಣಬೇಕಿತ್ತೋ ಅದರ ಕಚ್ಚಾ ಚಿತ್ರ ತೆಗೆದು ತೋರಿಸಿದಳು. ನಮ್ಮ ಗುಡಿಯೇ. ಕಂಬದ ಮೇಲೆ ದೀಪದ ಬೆಳಕು. ಬಸವಣ್ಣನ ಮುಖ ತೀರಾ ಹತ್ತಿರದಲ್ಲಿ, ನೇರ ನನ್ನನ್ನೇ ನೋಡುತ್ತಿತ್ತು. ನನ್ನ ನಲವತ್ತೆಂಟು ವರ್ಷದಲ್ಲಿ ಆ ಮುಖವನ್ನು ಆ ಕಡೆಯಿಂದ ನಾನು ನೋಡಿದವಳಲ್ಲ.

"ಪವಿ, ಇದನ್ನ ತೆಗೆದವರು ಎಲ್ಲಿ ನಿಂತಿದಾರೆ?"

"ಯಾರೂ ನಿಂತಿಲ್ಲಮ್ಮ. ಕ್ಯಾಮೆರಾ ಅದು. ಒಳಗೆ ಬಂದು, ಇಲ್ಲಿ ನಿಂತು, ಹಿಂದೆ ತಿರುಗಿ ಕಂಬ ತೋರಿಸುತ್ತೆ." ಅವಳು ಬೆರಳಿಟ್ಟು ತೋರಿಸಿದ ಜಾಗ ಬಸವಣ್ಣನಿಗೂ ಈಶ್ವರನಿಗೂ ಸರಿಯಾಗಿ ನಡುವೆ.

"ಅಯ್ಯೋ, ಅಡ್ಡ ನಿಂತಿದೀಯಲ್ಲೇ!"

ಗುಡಿಗೆ ಹೋಗುವ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಬಸವಣ್ಣನಿಗೂ ಈಶ್ವರನಿಗೂ ನಡುವೆ ಹಾಯಬಾರದು. ಬಸವಣ್ಣನ ಹಿಂದೆ ಬಗ್ಗಿ, ಅದರ ಕೊಂಬಿನ ನಡುವೆ ಈಶ್ವರನನ್ನು ನೋಡಬೇಕು. ಪವಿತ್ರಳೂ ನಡೆಯಲು ಕಲಿತಾಗಿನಿಂದ ಹಾಗೇ ನೋಡಿದವಳು. ಟೇಪು ಹಿಡಿದು ಅಳೆಯುವಾಗಲೂ ಸುತ್ತಿ ಬಂದವಳು. ಮೇಜಿನ ಮುಂದೆ ಕೂತಾಗ ಮಾತ್ರ ಮರೆತಿದ್ದಳು.

"ಕಂಪ್ಯೂಟರ್ ಆಫ್ ಆಗೋದಕ್ಕೂ ಬಸವಣ್ಣನಿಗೂ ಏನಮ್ಮ ಸಂಬಂಧ?" ಎಂದು ರೇಗಿದಳು.

"ನಾನೆಲ್ಲಿ ಸಂಬಂಧ ಇದೆ ಅಂದೆ? ಆಫ್ ಆಗ್ಲಿ ಬಿಡ್ಲಿ, ಅಡ್ಡ ನಿಲ್ಲಬಾರದು ಅಷ್ಟೆ."

ಇದನ್ನು ಒತ್ತಿ ಹೇಳುತ್ತೇನೆ. ನಾನು ಆಗ ಅದಕ್ಕಿಂತ ಹೆಚ್ಚಿನದೇನನ್ನೂ ಯೋಚಿಸಿರಲಿಲ್ಲ. ಕಾಲು ತೊಳೆಯದೆ ಅಡುಗೆಮನೆಗೆ ಬಂದವರನ್ನು ಗದರಿದ ಹಾಗೆ ಗದರಿದ್ದೆ. ಅವಳು ಅಳುತ್ತಲೇ, "ಹೇಗೂ ಆಗಲ್ಲ, ನಿನ್ನ ಸಮಾಧಾನಕ್ಕೆ" ಎಂದು ಕ್ಯಾಮೆರಾವನ್ನು ಬಸವಣ್ಣನ ಹಿಂದಕ್ಕೆ ತಂದು ಕೊಂಬಿನ ನಡುವೆ ಇಟ್ಟಳು. ಶುರು ಮಾಡುವ ಗುಂಡಿ ಒತ್ತಿ, ಮುಸುಕೆಳೆದು ಮಲಗಿದಳು. ಆಗ ಮಧ್ಯಾಹ್ನದ ಊಟದ ಹೊತ್ತು. ಒಳಗೆ ಇದ್ದದ್ದು ತೂಕವಿಲ್ಲದ ಆ ಹಳೇ ಪೆಟ್ಟಿಗೆ.

ಹತ್ತು ನಿಮಿಷಕ್ಕೆ ನಿಲ್ಲುತ್ತದೆ ಎಂದು ಕಿವಿಗೊಟ್ಟೇ ಪಾತ್ರೆ ತೊಳೆದೆ. ನಿಲ್ಲಲಿಲ್ಲ. ನೆಲ ಒರೆಸಿದೆ. ಸದ್ದು ಹಾಗೇ ಇತ್ತು. ಬಗ್ಗಿ ನೋಡಿದರೆ ನಾನೂರ ಎಂಬತ್ತು ದಾಟಿತ್ತು. ಪವಿತ್ರಳನ್ನು ಎಬ್ಬಿಸಲು ಬಾಯಿ ಬರಲಿಲ್ಲ. ತಗಡು ಮುಚ್ಚಿದ ಹಾಗೇ ಇದೆ, ಟೇಬಲ್ ಫ್ಯಾನು ನಡುಮನೆಯಲ್ಲಿದೆ. ಅಷ್ಟರಲ್ಲಿ ಏನೂ ತಿಳಿಯದ ಯಜಮಾನರು ತೋಟದಲ್ಲಿ ಪಂಪು ಹಾಕಿದರು. ಬಲ್ಬು ಮಂಕಾಯಿತು. ಕಂಪ್ಯೂಟರು ಜಗ್ಗಲಿಲ್ಲ. ಐನೂರಾಯಿತು, ಎಂಟುನೂರಾಯಿತು. ಪವಿತ್ರ ಎದ್ದು ಬಂದು ನನ್ನ ಪಕ್ಕ ನಿಂತಳು. ಸಂಜೆ ದೀಪ ಹಚ್ಚಿ ಕೈ ಮುಗಿಯುವ ಹೊತ್ತಿಗೆ ಕೊನೆಯ ಚಿತ್ರ ಮುಗಿಯಿತು. ಹತ್ತು ನಿಮಿಷ ತಡೆಯದ ಪೆಟ್ಟಿಗೆ ಐದು ಗಂಟೆಗೂ ಮೇಲೆ ಓಡಿತ್ತು.

ಸೋಮವಾರ ನಮ್ಮ ಮನೆಯ ಟಿವಿಯನ್ನೇ ಹೊತ್ತು ಗುಡಿಯ ಜಗಲಿ ಮೇಲಿಟ್ಟರು. ರುದ್ರಪ್ಪನವರು ಎದುರಿಗೇ ಕೈಕಟ್ಟಿ ಕೂತಿದ್ದರು. ಬಾಗಿಲು ಬಂತು, ಕಂಬ ಬಂತು, ಯಾರೂ ಅಲುಗಲಿಲ್ಲ. ಆಮೇಲೆ ಪರದೆಯ ತುಂಬ ಎರಡು ಕೊಂಬು ಬಂದವು. ಅವುಗಳ ನಡುವೆ ದೂರದಲ್ಲಿ ದೀಪ, ದೀಪದ ಹಿಂದೆ ಈಶ್ವರ. ಕೂತಿದ್ದ ಮುದುಕರೆಲ್ಲ ಕೂತಲ್ಲೇ ಒಂದಿಷ್ಟು ತಲೆ ಬಗ್ಗಿಸಿದರು, ಗುಡಿಯೊಳಗೆ ಬಗ್ಗಿ ನೋಡುವ ಹಾಗೆ. ರುದ್ರಪ್ಪನವರ ಕೈ ತಾನಾಗಿ ಜೋಡಿಸಿಕೊಂಡಿತು.

"ನಮ್ಮಪ್ಪ ಸೊಂಟದ ಮೇಲೆ ಕೂರಿಸ್ಕಂಡು ತೋರ್ಸಿದ್ದು ಹಿಂಗೇಯ" ಎಂದರು. "ಟೈಲ್ಸ್ ಹಾಕಿದ್ರೆ ಇದು ಕಾಣ್ತದೇನ್ಲಾ?" ಎಂದು ಪಕ್ಕದವರನ್ನು ಕೇಳಿದರು. ಮೇಲಿನ ಗಾರೆ ಮಾತ್ರ ಮಾಡಿಸೋಣ, ಈ ಮಳೆಗಾಲ ನೋಡೋಣ, ಜೆಸಿಬಿಯವನಿಗೆ ಬರಬೇಡ ಅನ್ನಿ ಎಂದು ತೀರ್ಮಾನವಾಯಿತು. ಪೂರ್ತಿ ಗೆದ್ದಂತಲ್ಲ, ಆದರೆ ಕಲ್ಲು ಉಳಿಯಿತು.

ಎದ್ದು ಹೋಗುವಾಗ ಪವಿತ್ರ ಸುಮ್ಮನಿರಲಾರದೆ, "ತಾತ, ನಾನು ಮೊದಲು ಬಸವಣ್ಣನ ಮುಂದೆ ನಿಂತು ತೆಗೆದಿದ್ದೆ" ಎಂದುಬಿಟ್ಟಳು. ಅವರು ಕೋಲೂರಿ ನಿಂತರು. "ಬಸವಣ್ಣಂಗೆ ಅಡ್ಡ ನಿಂತು ತೋರ್ಸಿದ್ರೆ ನಾನು ಟವೆಲ್ ಕೊಡವಿ ಎದ್ದೋಯ್ತಿದ್ದೆ ಕಣವ್ವ. ಈ ಮಗೀಗೆ ಗುಡಿ ಅಂದ್ರೇನು ಅಂತ್ಲೇ ಗೊತ್ತಿಲ್ಲ ಅಂದ್ಕಂತಿದ್ದೆ" ಎಂದರು. ಆ ವಾರವೆಲ್ಲ ಕಂಪ್ಯೂಟರನ್ನು ಎಂದುಕೊಂಡು ನಾನು ಬೈದದ್ದು ಯಾರನ್ನೋ ಎಂದು ಮೊದಲ ಸಲ ಅನುಮಾನ ಬಂತು.

ಮಂಗಳವಾರ ಕುಮಾರ ಬಂದ. "ಇದಕ್ಕೇನೂ ಆಗಿಲ್ಲಕ್ಕ, ಎರಡು ದಿನ ಅಂಗಡೀಲಿ ಫುಲ್ ಲೋಡಲ್ಲಿ ಓಡೈತೆ" ಎಂದು ಹೊಸ ಪೆಟ್ಟಿಗೆ ಮುಂದಿಟ್ಟ. ಹಳೆಯದರಲ್ಲೇ ಸಿನಿಮಾ ಮುಗಿಯಿತು ಎಂದಾಗ, "ಅಕ್ಕ, ತಮಾಷೆ ಮಾಡ್ಬೇಡಿ" ಎಂದು ತಾನೇ ಗುಂಡಿ ಒತ್ತಿದ. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೊಮ್ಮೆ ಒತ್ತಿದ. ಅದೂ ಇಲ್ಲ. ಮೂರನೇ ಸಲಕ್ಕೆ ಸುಟ್ಟ ವಾಸನೆ ಬಂತು. "ಸತ್ತೋಗೈತೆ. ಮೊನ್ನೆ ಓಡಿದ್ರಲ್ಲೇ ಜೀವ ಬಿಟ್ಟಿರ್ಬೇಕು" ಎಂದ. ಸರಿ, ಓಡಿ ಸತ್ತಿತು. ಓಡಿದ್ದಾದರೂ ಹೇಗೆ ಎಂದು ಕೇಳಿ, ಕ್ಯಾಮೆರಾ ಜರುಗಿಸಿದ್ದನ್ನೂ ಹೇಳಿದೆ. "ಮುಂಚಿನ ಜಾಗದಲ್ಲಿ ಕಂಬದ ಹೊಳಪು ಜಾಸ್ತಿ ಕಾಣ್ತಿತ್ತೇನೋ, ಕಾರ್ಡಿಗೆ ಭಾರ ಆಗಿರ್ಬೇಕು" ಎಂದ. ಕೊಂಬಿನ ನಡುವಿನಿಂದಲೂ ಅದೇ ನಾಲ್ಕು ಕಂಬ ಕಾಣುತ್ತವೆ ಎಂದಳು ಪವಿತ್ರ.

ಹೊಸದನ್ನು ಹಾಕಿ ಅವನು ಹೋದ ಮೇಲೆ ಅವಳು ನನ್ನನ್ನು ಕೇಳದೆ ಹಳೇ ದಾರಿಯಲ್ಲೇ ಕ್ಯಾಮೆರಾ ಓಡಿಸಿ ನೋಡಿದಳು. ನಾನೂರ ಹನ್ನೆರಡು ದಾಟಿತು, ಹದಿಮೂರು ದಾಟಿತು, ಏನೂ ಆಗಲಿಲ್ಲ. "ನೋಡಮ್ಮ, ಆಫ್ ಆಗ್ಲಿಲ್ಲ" ಎಂದು ಹೇಳಿದವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಬಸವಣ್ಣನಿಗೆ ಅಡ್ಡ ನಿಂತದ್ದೇ ಕಾರಣವಾಗಿದ್ದರೆ ಈಗಲೂ ನಿಲ್ಲಬೇಕಿತ್ತು. ಪೆಟ್ಟಿಗೆಯೇ ಕಾರಣವಾಗಿದ್ದರೆ ಆಗ ಹೊಸದರಲ್ಲಿ ನಿಲ್ಲಬಾರದಿತ್ತು. ಇದಾಗಿ ನಾಲ್ಕು ವರ್ಷವಾಯಿತು. ಎರಡರಲ್ಲಿ ಯಾವುದನ್ನು ಹಿಡಿದು ಎಳೆದರೂ ಇನ್ನೊಂದು ಬಿಗಿಯುತ್ತದೆ. ನಂಬಿ ಎಂದು ನಿಮಗೆ ಹೇಳುವುದಿಲ್ಲ. ನಡೆದದ್ದು ಇಷ್ಟು.

ಅವತ್ತು ಆ ಸತ್ತ ಪೆಟ್ಟಿಗೆ ಕಿಟಕಿಯ ಮೇಲೆ ಉಳಿದಿತ್ತು. ಎಸೆಯಲು ಮನಸ್ಸಾಗಲಿಲ್ಲ. ಅವರೆಕಾಳು ನೆನೆಹಾಕಿದ ಪಾತ್ರೆಯ ಮುಚ್ಚಳವನ್ನು ಬೆಕ್ಕು ತಳ್ಳದಿರಲೆಂದು ಅದನ್ನೇ ಭಾರಕ್ಕೆ ಇಟ್ಟು ನೋಡಿದೆ. ಬೆಕ್ಕು ಮೂಗು ತಾಗಿಸಿದ್ದಕ್ಕೇ ಜರುಗಿತು, ಅಷ್ಟು ಹಗುರ. ಅದನ್ನು ತೆಗೆದು ಒರೆಸಿ ದೇವರ ಗೂಡಿನ ಕೆಳಗೆ ಇಟ್ಟೆ. ಹೇಗೂ ಕಾಳು ನೆನೆದಿತ್ತು. ಮೊರ ಹತ್ತಿರಕ್ಕೆಳೆದುಕೊಂಡು ಹಿತುಕಲು ಕೂತೆ.